ಮುದಗಲ್ಲಿನ ಚರ್ಚು ಇಂಗ್ಲಿಷರದಲ್ಲ

ನಮ್ಮ ಕಡೆ ಚರ್ಚು ಅಂದಕೂಡಲೆ ಜನ ಬ್ರಿಟಿಷರನ್ನು ನೆನೆಯುತ್ತಾರೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರೂ ಊರುಗಳ ಹೈಸ್ಕೂಲುಗಳಲ್ಲಿ ಸಮಾಜ ಪಾಠ ಹೇಳಿ ನಿವೃತ್ತನಾದವನು ನಾನು. "ಮುದಗಲ್ಲಿನ ಚರ್ಚು ಯಾರು ಕಟ್ಟಿದ್ರಪಾ?" ಅಂತ ಯಾವ ವರ್ಷದ ಹುಡುಗರನ್ನು ಕೇಳಿದರೂ ಒಂದೇ ಉತ್ತರ: "ಇಂಗ್ಲಿಷರು ರೀ ಸರ್." ಸ್ಟಾಫ್ ರೂಮಿನಲ್ಲಿ ಕೇಳಿದರೂ ಅದೇ. ಅಲ್ಲಿ "ರೀ ಸರ್" ಇರುತ್ತಿರಲಿಲ್ಲ, ಅಷ್ಟೆ.

ರಾಯಚೂರು ಜಿಲ್ಲೆಯ ಬಗ್ಗೆ ಬರೆದ ಪುಸ್ತಕಗಳಲ್ಲಿ ಮುದಗಲ್ಲಿನ ಕೋಟೆಗೆ ಬಹಳ ಜಾಗ ಇರುತ್ತದೆ, ಅಲ್ಲಿನ ಮೊಹರಂನ ಹುಸೇನಿ ಆಲಂಗೆ ಒಂದಿಷ್ಟು. ಆಮೇಲೆ ಚರ್ಚಿಗೆ ಅಂತ ಒಂದೇ ಸಾಲು: 1557ಕ್ಕೆ ಮೊದಲೇ ಜೆಸ್ವಿಟ್ ಪಾದ್ರಿಗಳು ಕಟ್ಟಿದ ಪುರಾತನ ರೋಮನ್ ಕ್ಯಾಥೊಲಿಕ್ ಚರ್ಚು ಇಲ್ಲಿದೆ. ಬರೆದವರು ಅಲ್ಲಿಗೆ ಬಿಟ್ಟು ಮುಂದಿನ ಊರಿಗೆ ಹೋಗಿಬಿಡುತ್ತಾರೆ. ನನಗೆ ಮಾತ್ರ ಆ ಸಾಲು ದಾಟಿ ಹೋಗಲಿಕ್ಕೆ ಆಗಿಲ್ಲ.

1557 ಅಂದರೆ ಯಾವ ಕಾಲ ನೋಡಿರಿ. ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ್ದು 1600ರ ಡಿಸೆಂಬರ್ 31ಕ್ಕೆ. ಇನ್ನೂ ನಲವತ್ತಮೂರು ವರ್ಷ ಬಾಕಿ. ಹಂಪಿ ಹಾಳಾಗಿರಲಿಲ್ಲ, ಸದಾಶಿವರಾಯನ ಹೆಸರಲ್ಲಿ ಅಳಿಯ ರಾಮರಾಯ ಆಳುತ್ತಿದ್ದ. ಡೆಲ್ಲಿಯಲ್ಲಿ ಅಕ್ಬರ್ ಪಟ್ಟಕ್ಕೆ ಬಂದು ವರ್ಷವಾಗಿತ್ತು. ಇಂಗ್ಲೆಂಡಿನಲ್ಲಿ ರಾಣಿ ಮೇರಿ ಇದ್ದಳು, ಆಕೆ ಕಟ್ಟಾ ಕ್ಯಾಥೊಲಿಕ್. ಇಂಗ್ಲಿಷರು ಮುಂದೆ ನಮಗೆಲ್ಲ ತೋರಿಸಿದ ಅವರ ಪ್ರಾಟೆಸ್ಟೆಂಟ್ ಚರ್ಚು ಇನ್ನೂ ಗಟ್ಟಿಯಾಗಿ ಕಾಲೂರಿರಲಿಲ್ಲ. ಎಲಿಜಬೆತ್ ಬಂದದ್ದು 1558ರ ನವೆಂಬರಿನಲ್ಲಿ. ಅಂದಮೇಲೆ ಮುದಗಲ್ಲಿನ ಚರ್ಚನ್ನು ಇಂಗ್ಲಿಷರ ತಲೆಗೆ ಕಟ್ಟಲಿಕ್ಕೆ ದಾರಿಯೇ ಇಲ್ಲ. ಅವರವರ ಊರಲ್ಲೇ ಯಾವ ಪ್ರಾರ್ಥನೆ ಹೇಳಬೇಕು ಅನ್ನೋದು ಆಗ ತೀರ್ಮಾನವಾಗಿರಲಿಲ್ಲ.

ಹಾಗಾದರೆ ಯಾರು, ಯಾಕೆ ಬಂದರು? ಉತ್ತರ ಹುಡುಕಬೇಕಾದದ್ದು ಚರ್ಚಿನ ಗೋಡೆಯಲ್ಲಲ್ಲ, ಕೋಟೆಯ ಗೋಡೆಯಲ್ಲಿ.

ಸಿಂಧನೂರು ಬಿಟ್ಟು ಮಸ್ಕಿ ಮೇಲೆ ಲಿಂಗಸುಗೂರಿಗೆ ಬರುವಾಗ ಕಾಲುವೆ ನೀರಿನ ಭತ್ತದ ಹಸಿರು ಹಿಂದೆ ಸರಿದು ಎರೆ ಹೊಲ, ತೊಗರಿ, ಸಜ್ಜೆ, ಜೋಳ ಶುರುವಾಗುತ್ತವೆ. ಲಿಂಗಸುಗೂರಿನಿಂದ ಮುದಗಲ್ಲು ಇಪ್ಪತ್ತು ಕಿಲೋಮೀಟರಿನ ಒಳಗೆ. ಊರು ಹತ್ತಿರ ಬಂದಂತೆ ಬಂಡೆಗಲ್ಲು, ಆಮೇಲೆ ಕಂದಕ, ಅದರಾಚೆ ಸಾಲಾಗಿ ಹುಡೇವುಗಳು. ಕೃಷ್ಣೆ ತುಂಗಭದ್ರೆ ನಡುವಿನ ಈ ದೋಆಬು ಇನ್ನೂರು ವರ್ಷ ಎರಡು ಕಡೆಯವರೂ ಜಗ್ಗಾಡಿದ ನೆಲ. ಬಹಮನಿಯವರು ಹಿಡಿದರೆ ವಿಜಯನಗರದವರು ಬಿಡಿಸಿಕೊಳ್ಳುವುದು, ಅವರು ಹಿಡಿದರೆ ಇವರು. 1406ರ ಯುದ್ಧಕ್ಕೆ ಮುದಗಲ್ಲಿನ ಅಕ್ಕಸಾಲಿಗನ ಮಗಳೊಬ್ಬಳೇ ಕಾರಣ ಅಂತ ಫೆರಿಷ್ತಾ ಬರೆದಿದ್ದಾನೆ: ಒಂದನೇ ದೇವರಾಯ ಆಕೆಯನ್ನು ಬಯಸಿದ, ಆಕೆ ಒಲ್ಲೆ ಅಂದಳು, ದಂಡು ಬಂತು, ಕೊನೆಗೆ ಫಿರೋಜ್ ಷಾ ಗೆದ್ದ. ಯುದ್ಧಕ್ಕೆ ಹೆಣ್ಣಿನ ನೆಪ ಹೇಳುವುದು ಚರಿತ್ರೆಕಾರರಿಗೆ ಹಳೆಯ ಚಾಳಿ. ಇಷ್ಟು ಎರೆಭೂಮಿ, ಇಂಥ ಎರಡು ಹೊಳೆ ಇರುವಾಗ ಬೇರೆ ಕಾರಣ ಯಾಕೆ ಬೇಕಿತ್ತೋ.

ಈ ನೆಲಕ್ಕೆ ಮೊದಲು ಬಂದ ಕ್ರೈಸ್ತರು ಶಿಲುಬೆ ಹಿಡಿದು ಬರಲಿಲ್ಲ, ಬಂದೂಕು ಹಿಡಿದು ಬಂದರು. 1520ರ ಮೇ ತಿಂಗಳಲ್ಲಿ ಕೃಷ್ಣದೇವರಾಯ ರಾಯಚೂರಿನ ಮೇಲೆ ಏರಿಬಂದ. ಪೋರ್ಚುಗೀಸ್ ವ್ಯಾಪಾರಿ ಫೆರ್ನಾವ್ ನುನಿಜ್ ಬರೆದಿಟ್ಟ ವೃತ್ತಾಂತದಲ್ಲಿ ಈ ಮುತ್ತಿಗೆ ಬಹಳ ವಿವರವಾಗಿದೆ. ಕ್ರಿಸ್ತೋವಾವ್ ದೆ ಫಿಗೇರೆದೊ ಎಂಬ ಪೋರ್ಚುಗೀಸನು ತನ್ನ ಕಡೆಯ ಇಪ್ಪತ್ತು ಬಂದೂಕಿನವರನ್ನು ಕರೆದುಕೊಂಡು ರಾಯನ ಪಾಳೆಯಕ್ಕೆ ಬಂದ. ರಾಯಚೂರು ಕೋಟೆಯ ಗೋಡೆಯ ಮೇಲಿಂದ ಕಲ್ಲು, ಬಾಣ ಸುರಿಯುತ್ತಿದ್ದವರನ್ನು ಇವರು ಒಬ್ಬೊಬ್ಬರನ್ನೇ ಗುರಿಯಿಟ್ಟು ಹೊಡೆದರು. ಕೆಳಗಿನವರು ಗೋಡೆ ಕೆಡವಲಿಕ್ಕೆ ಅನುಕೂಲವಾಯಿತು. ಎದುರಾಳಿಯಾದ ಬಿಜಾಪುರದ ಆದಿಲ್ ಶಾಹನ ಕಡೆಯೂ ಪೋರ್ಚುಗೀಸರಿದ್ದರು. ಗೋವೆ ಬಿಟ್ಟು ಓಡಿಬಂದು ಬಿಜಾಪುರದ ಸಂಬಳಕ್ಕೆ ನಿಂತವರು. ಹೀಗೆ ಒಂದೇ ದೇವರಿಗೆ ಮೊಣಕಾಲೂರುವವರು ರಾಯಚೂರಿನ ಬಯಲಿನಲ್ಲಿ ಎರಡೂ ಕಡೆ ನಿಂತು ಗುಂಡು ಹಾರಿಸಿದರು. ಪಾಠದ ಪುಸ್ತಕದಲ್ಲಿ ಈ ಯುದ್ಧ ಹಿಂದೂ-ಮುಸ್ಲಿಂ ಯುದ್ಧ ಅಂತ ಎರಡು ಸಾಲಿನಲ್ಲಿ ಮುಗಿಯುತ್ತಿತ್ತು. ನಾನು ಅದನ್ನು ಎರಡು ಪೀರಿಯಡ್ ಎಳೆಯುತ್ತಿದ್ದೆ.

ರಾಯ ತೀರಿಕೊಂಡದ್ದು 1529ರಲ್ಲಿ. ಮರುವರ್ಷವೇ ರಾಯಚೂರು, ಮುದಗಲ್ಲು ಎರಡೂ ಇಸ್ಮಾಯಿಲ್ ಆದಿಲ್ ಶಾಹನ ಕೈಗೆ ವಾಪಸು ಹೋದವು. ಅಲ್ಲಿಂದ ಮುಂದೆ ಬಿಜಾಪುರಕ್ಕೂ ಗೋವೆಗೂ ಇದ್ದ ಸಂಬಂಧವನ್ನು ಅರ್ಥ ಮಾಡಿಕೊಳ್ಳಬೇಕು. ಗೋವೆ ಮೊದಲು ಆದಿಲ್ ಶಾಹಿಯದೇ. 1510ರಲ್ಲಿ ಅಲ್ಬುಕರ್ಕ್ ಕಸಿದುಕೊಂಡ. ಹಾಗಂತ ಕುದುರೆ ಬೇಕೆಂದರೆ ಗೋವೆ, ಹಡಗಿನ ರಹದಾರಿ ಬೇಕೆಂದರೆ ಗೋವೆ, ಒಳ್ಳೆಯ ಗೋಲಂದಾಜ ಬೇಕೆಂದರೂ ಗೋವೆ. ದಾಯಾದಿಗಳ ಹಂಗೆ ಇಬ್ಬರೂ ಇದ್ದರು: ಜಗಳ ಕೋರ್ಟಿನಲ್ಲಿ, ಊಟ ಒಂದೇ ಅಂಗಳದಲ್ಲಿ. 1542ರಲ್ಲಿ ಫ್ರಾನ್ಸಿಸ್ ಝೇವಿಯರ್ ಗೋವೆಗೆ ಬಂದಿಳಿದ ಮೇಲೆ ಜೆಸ್ವಿಟರ ಓಡಾಟ ಹೆಚ್ಚಾಯಿತು. ಆ ಸಂಘಕ್ಕೆ ಪೋಪರ ಒಪ್ಪಿಗೆ ಸಿಕ್ಕು ಆಗಿನ್ನೂ ಎರಡು ವರ್ಷ.

ಒಂದನೇ ಅಲಿ ಆದಿಲ್ ಶಾಹ ಪಟ್ಟಕ್ಕೆ ಬಂದದ್ದು 1558ರಲ್ಲಿ. ಈತ ವಿಚಿತ್ರ ಮನುಷ್ಯ. ಪುಸ್ತಕದ ಹುಚ್ಚು ಬಹಳ, ಬೇರೆ ಧರ್ಮದವರ ಜೊತೆ ವಾದ ಮಾಡುವ ಹುಚ್ಚು ಅದಕ್ಕಿಂತ ಹೆಚ್ಚು. 1561ರಲ್ಲಿ ಗೋವೆಗೆ ಹೇಳಿಕಳಿಸಿ ಪಾದ್ರಿಗಳನ್ನು ಬಿಜಾಪುರಕ್ಕೆ ಕರೆಸಿಕೊಂಡ. ಬಂದವರಲ್ಲಿ ಗೊನ್ಸಾಲೊ ರೊಡ್ರಿಗಸ್ ಎಂಬ ಜೆಸ್ವಿಟನಿದ್ದ. ದೊರೆಯೇನೂ ಕ್ರೈಸ್ತನಾಗಲಿಲ್ಲ, ಪಾದ್ರಿಗಳು ಬಂದ ದಾರಿಯಲ್ಲೇ ವಾಪಸಾದರು. ಅಕ್ಬರ್ ಫತೇಪುರ ಸಿಕ್ರಿಗೆ ಜೆಸ್ವಿಟರನ್ನು ಕರೆಸಿದ್ದು 1580ರಲ್ಲಿ. ಎಲ್ಲ ಪುಸ್ತಕದಲ್ಲೂ ಆ ಸಂಗತಿ ಬರುತ್ತದೆ. ಅದಕ್ಕಿಂತ ಹತ್ತೊಂಬತ್ತು ವರ್ಷ ಮೊದಲು ನಮ್ಮ ಬಿಜಾಪುರದಲ್ಲಿ ಆದದ್ದು ಯಾರ ಪುಸ್ತಕದಲ್ಲೂ ಬರುವುದಿಲ್ಲ. ನನಗೆ ಇದರ ಬಗ್ಗೆ ಸಣ್ಣ ಸಿಟ್ಟಿದೆ.

ಅದೇ ಅಲಿ 1565ರಲ್ಲಿ ಉಳಿದ ಸುಲ್ತಾನರ ಜೊತೆ ಕೂಡಿ ರಕ್ಕಸಗಿ-ತಂಗಡಗಿಯಲ್ಲಿ ರಾಮರಾಯನನ್ನು ಸೋಲಿಸಿದ, ರಾಯಚೂರು ಮುದಗಲ್ಲು ಖಾಯಂ ಮಾಡಿಕೊಂಡ. 1570ರಲ್ಲಿ ಗೋವೆಯ ಮೇಲೇ ದಂಡೆತ್ತಿ ಹೋಗಿ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ, ಸಿಗಲಿಲ್ಲ, 1571ರಲ್ಲಿ ರಾಜಿಯಾದ. ಗೋವೆಯ ಮೇಲೆ ತೋಪು ಹಾರಿಸುತ್ತಿರುವ ದೊರೆಯ ರಾಜ್ಯದಲ್ಲಿ, ಗೋವೆಯ ಪಾದ್ರಿಗಳು ಮುದಗಲ್ಲಿನಲ್ಲಿ ಹುಟ್ಟುಹಾಕಿದ ಸಭೆ ಉಳಿದುಕೊಂಡಿತು ಅನ್ನೋದನ್ನು ಗಮನಿಸಬೇಕು. ಯಾರ ತುಪಾಕಿಯ ನೆರಳೂ ಅವರ ಮೇಲಿರಲಿಲ್ಲ. ಪೋರ್ಚುಗೀಸರ ನೌಕೆ ಮುದಗಲ್ಲಿಗೆ ಬರಲಿಕ್ಕೆ ಇಲ್ಲಿ ಸಮುದ್ರವೂ ಇಲ್ಲ.

ಇದರಿಂದ ಒಂದು ಲಾಭವೂ ಆಯಿತು ಅಂತ ನನ್ನ ಎಣಿಕೆ. 1560ರಲ್ಲಿ ಗೋವೆಯಲ್ಲಿ ಇನ್‌ಕ್ವಿಸಿಷನ್ ಶುರುವಾಯಿತು. ಕ್ರೈಸ್ತರಾದವರು ಹಳೆಯ ಪದ್ಧತಿ ಇಟ್ಟುಕೊಂಡರೆ ಹಿಡಿದು ವಿಚಾರಣೆ. 1684ರಲ್ಲಿ ಕೊಂಕಣಿ ಬಿಟ್ಟು ಪೋರ್ಚುಗೀಸ್ ಆಡಬೇಕು ಅಂತ ಅಲ್ಲಿನ ವೈಸರಾಯ್ ಹುಕುಂ ಹೊರಡಿಸಿದ. ಈ ಯಾವ ಹುಕುಮೂ ಆದಿಲ್ ಶಾಹಿ ಸೀಮೆಗೆ ತಾಗುತ್ತಿರಲಿಲ್ಲ. ಮುದಗಲ್ಲಿನವರ ಕನ್ನಡ ಮುದಗಲ್ಲಿನಲ್ಲೇ ಉಳಿಯಿತು. ಅವರ ಉಡುಪು, ಊಟ, ಮಾತು ಯಾವುದಕ್ಕೂ ಗೋವೆಯ ಕಾವಲು ಬೀಳಲಿಲ್ಲ.

ಈ ಸೀಮೆಯ ಹೆಸರಲ್ಲೇ ಒಬ್ಬ ಬಿಷಪ್ ಕೂಡ ಇದ್ದ. ಅವನ ಕಥೆ ಹೇಳದೆ ಮುಂದೆ ಹೋಗಲಾರೆ. ಗೋವೆಯ ದಿವಾಡಿ ದ್ವೀಪದ ಬ್ರಾಹ್ಮಣ ಮನೆತನದವನು ಮತೇವುಸ್ ದೆ ಕಾಸ್ತ್ರೊ. ಪಾದ್ರಿಯಾಗಬೇಕೆಂದರೆ ಗೋವೆಯ ಬಿಳಿಯರು ಬಿಡಲಿಲ್ಲ. ಮನುಷ್ಯ ಹಟಮಾರಿ, ನೆಲದ ದಾರಿ ಹಿಡಿದು ರೋಮಿಗೇ ಹೋದ. ಅಲ್ಲಿ ಓದಿದ, ದೀಕ್ಷೆ ಪಡೆದ, 1637ರಲ್ಲಿ ಬಿಷಪ್ಪನಾಗಿ ಆದಿಲ್ ಶಾಹನ ರಾಜ್ಯಕ್ಕೆ ಪೋಪರ ಪ್ರತಿನಿಧಿಯಾಗಿ ಬಂದ. ಗೋವೆಯವರು ಒಳಗೆ ಬಿಟ್ಟುಕೊಳ್ಳಲಿಲ್ಲ. ಅವನು ಗಡಿಯಾಚೆ, ಬಿಜಾಪುರದ ನೆಲವಾದ ಡಿಚೋಲಿಯಲ್ಲಿ ಬಿಡಾರ ಹೂಡಿ ಅಲ್ಲಿನ ಸ್ಥಳೀಯರಿಗೆ ದೀಕ್ಷೆ ಕೊಡತೊಡಗಿದ. ಬಿಜಾಪುರದವರನ್ನು ಗೋವೆಯ ಮೇಲೆ ಎತ್ತಿಕಟ್ಟಿದ ಅಂತಲೂ ಪೋರ್ಚುಗೀಸರು ಅವನ ಮೇಲೆ ದೂರು ಹೊರಿಸಿದರು. ಕೊನೆಗೆ 1677ರಲ್ಲಿ ರೋಮಿನಲ್ಲೇ ತೀರಿಕೊಂಡ. ಕ್ರೈಸ್ತ ದೊರೆಗಳು ಕೊಡದ ಜಾಗವನ್ನು ಆ ಕ್ರೈಸ್ತ ಬಿಷಪ್ಪನಿಗೆ ಕೊಟ್ಟವನು ಮುಸಲ್ಮಾನ ಸುಲ್ತಾನ. ನನ್ನ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇನ್ನು ಇಂಗ್ಲಿಷರ ವಿಷಯ. ಅವರು ಈ ಸೀಮೆಗೆ ಬಂದೇ ಇಲ್ಲ ಅಂತಲ್ಲ. ಬಂದದ್ದು ಮುದಗಲ್ಲಿಗಲ್ಲ, ಲಿಂಗಸುಗೂರಿಗೆ. ನಾನು ಮನೆ ಮಾಡಿಕೊಂಡಿರುವ ಈ ಊರು ಅರ್ಧ ದಂಡಿನ ಛಾವಣಿಯಿಂದಲೇ ಬೆಳೆದದ್ದು; ಹಳೆಯ ಊರು ಬೇರೆ, ಅದಕ್ಕೆ ಈಗಲೂ ಕಸಬಾ ಲಿಂಗಸುಗೂರು ಅನ್ನುತ್ತೇವೆ. ಹೈದರಾಬಾದ್ ಕಂಟಿಂಜೆಂಟ್ ಅಂತ ನಿಜಾಮನ ದುಡ್ಡಿನ, ಇಂಗ್ಲಿಷ್ ಅಧಿಕಾರಿಗಳ ದಂಡು ಇಲ್ಲಿತ್ತು. ಆ ದಂಡಿನ ಸಂಬಳದ ಬಾಕಿಗೇ 1853ರಲ್ಲಿ ನಿಜಾಮ ರಾಯಚೂರು ದೋಆಬನ್ನು ಕಂಪನಿಗೆ ಬರೆದುಕೊಟ್ಟ. 1860ರಲ್ಲಿ ವಾಪಸು ಬಂತು. ಲೆಕ್ಕ ಹಾಕಿದರೆ ನಮ್ಮ ಮೇಲೆ ಇಂಗ್ಲಿಷರ ನೇರ ಆಳ್ವಿಕೆ ಏಳು ವರ್ಷ. 1858ರ ಫೆಬ್ರವರಿಯಲ್ಲಿ ಸುರಪುರದ ವೆಂಕಟಪ್ಪ ನಾಯಕನ ಮೇಲೆ ಹೋದ ದಂಡು ಈ ಲಿಂಗಸುಗೂರಿನಿಂದಲೇ ಹೋಯಿತು. ಆ ನಾಯಕನನ್ನು ಚಿಕ್ಕಂದಿನಿಂದ ಕಂಡಿದ್ದ ಮೆಡೋಸ್ ಟೇಲರ್ ಆಮೇಲೆ ಆತ್ಮಕಥೆ ಬರೆದ, ಅದರಲ್ಲಿ ನಮ್ಮ ಸೀಮೆಯ ಕೆರೆ, ಮರ, ಬಿಸಿಲು ಎಲ್ಲ ಇವೆ. 1903ರಲ್ಲಿ ಕಂಟಿಂಜೆಂಟೇ ಇಲ್ಲವಾಯಿತು, 1905ರಲ್ಲಿ ಲಿಂಗಸುಗೂರು ಜಿಲ್ಲೆಯ ಪಟ್ಟವೂ ಹೋಯಿತು. ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಶಾಸನ ಕಂಡುಹಿಡಿದ ಬೀಡನ್ ಕೂಡ ಇಂಗ್ಲಿಷ್ ಎಂಜಿನಿಯರೇ, ಚಿನ್ನ ಹುಡುಕಲಿಕ್ಕೆ ಬಂದವನು. ಅವರ ಪಾಲಿನ ಪುಣ್ಯ ಅವರಿಗೆ ಕೊಡೋಣ. ಮುದಗಲ್ಲಿನ ಚರ್ಚು ಆ ಪಾಲಿನಲ್ಲಿಲ್ಲ.

ಆ ಚರ್ಚಿನ ಭಾನುವಾರದ ಪೂಜೆಗೆ ನಾನು ಹೋಗಿ ಕೂತದ್ದುಂಟು. ಬಾಗಿಲ ಹೊರಗೆ ಚಪ್ಪಲಿ ಬಿಡುವುದು ಗುಡಿಯಲ್ಲಿದ್ದಂತೆಯೇ. ಹೆಂಗಸರು ತಲೆ ಮೇಲೆ ಸೆರಗು ಎಳೆದುಕೊಂಡು ಒಂದು ಕಡೆ, ಗಂಡಸರು ಒಂದು ಕಡೆ. ವಯಸ್ಸಾದವರು ಇಳಕಲ್ಲ ಸೀರೆಯಲ್ಲಿದ್ದರು, ಕೈಯಲ್ಲಿ ಜಪಸರ. ಪ್ರಾರ್ಥನೆಯ ಪುಸ್ತಕದ ಕನ್ನಡ ಬೆಂಗಳೂರಿನದು. ಅದನ್ನು ಹೇಳುವ ಬಾಯಿ ಮಾತ್ರ ನಮ್ಮದು, ಒತ್ತು ಬೀಳುವ ಕಡೆ ಎಲ್ಲ ರಾಯಚೂರಿನ ಒತ್ತು. ಪೂಜೆ ಮುಗಿದ ಮೇಲೆ ಹೊರಗೆ ಕಟ್ಟೆ ಮೇಲೆ ಕೂತಿದ್ದ ಒಬ್ಬ ಅಜ್ಜಿಯನ್ನು, "ನಿಮ್ಮ ಹಿರೇರು ಯಾವ ಕಡೆಯಿಂದ ಬಂದವ್ರು ಯಮ್ಮಾ?" ಅಂತ ಕೇಳಿದೆ. ಆಕೆ ನನ್ನನ್ನೇ ವಿಚಾರಿಸಿದಳು: "ನಿಮ್ಮೂರು ಯಾವುದ್ರಿ?" ಮಸ್ಕಿ ಸೀಮಿ ಅಂದೆ. "ಹಂಗಾರ ನೀವ ಬಂದವ್ರು. ನಾವು ಎಲ್ಲಿಂದ ಬರೂಣ, ಇಲ್ಲೇ ಇದ್ದವ್ರು." ನಾನು ಸುಮ್ಮನಾದೆ. ಮುದಗಲ್ಲಿಗೆ ಅಂದು ಬಸ್ಸಿನಲ್ಲಿ ಬಂದವನು ನಾನೇ ತಾನೆ.

ಇದೇ ಊರು ಮೊಹರಂಗೆ ಹೆಸರುವಾಸಿ. ಹುಸೇನಿ ಆಲಂ ಎದ್ದಿತು ಅಂದರೆ ಸುತ್ತಲ ಹಳ್ಳಿಗಳೇ ಅಲ್ಲ, ಬೇರೆ ಜಿಲ್ಲೆಯವರೂ ಬರುತ್ತಾರೆ. ಬರುವವರಲ್ಲಿ ಹಿಂದೂಗಳೇ ಹೆಚ್ಚು. ಮೊಣಕೈಗೆ ಲಾಡಿ ಕಟ್ಟಿ ಹರಕೆಯ ಫಕೀರರಾದವರು, ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರು, ಕತಲ್ ರಾತ್ರಿಯ ಪದಗಳು, ಮನೆಮನೆಯಲ್ಲಿ ಚೊಂಗೆ. ಇಂಥ ಊರಲ್ಲಿ ಚರ್ಚೊಂದು ನಾಲ್ಕೂವರೆ ಶತಮಾನ ನಿಂತದ್ದರಲ್ಲಿ ಪವಾಡ ಏನಿಲ್ಲ. ಮಂದಿಯ ದೇವರಿಗೆ ಕೈಮುಗಿಯುವುದು ಇಲ್ಲಿ ಅಭ್ಯಾಸ.

ಈ ಚರ್ಚಿನ ಮಂದಿಯ ಚರಿತ್ರೆ ಬರೆಯುವ ಕಷ್ಟ ಬೇರೆಡೆ ಇದೆ. ಇಂಗ್ಲೆಂಡಿನ ಒಂದು ಸಣ್ಣ ಹಳ್ಳಿಯ ಚರಿತ್ರೆ ಬರೆಯುವುದು ಸುಲಭ. 1538ರಲ್ಲಿ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಪ್ರತಿ ಚರ್ಚಿನಲ್ಲೂ ಜ್ಞಾನಸ್ನಾನ, ಮದುವೆ, ಮಣ್ಣು ಮಾಡಿದ್ದು ಮೂರನ್ನೂ ವಾರವಾರ ಬರೆದಿಡಬೇಕು ಅಂತ ಹುಕುಂ ಮಾಡಿದ. ಆ ಪುಸ್ತಕಗಳು ಬಹಳ ಕಡೆ ಉಳಿದಿವೆ. ಯಾವ ಚಮ್ಮಾರನ ಮಗಳು ಯಾವ ಕಮ್ಮಾರನಿಗೆ ಯಾವ ಮಂಗಳವಾರ ಮದುವೆಯಾದಳು ಅಂತ ಅಲ್ಲಿನ ನಿವೃತ್ತ ಮೇಷ್ಟ್ರು ಕೂತಲ್ಲೇ ಹೇಳಬಲ್ಲ. ಕ್ಯಾಥೊಲಿಕ್ ಚರ್ಚೂ 1563ರಲ್ಲಿ ಟ್ರೆಂಟ್ ಸಭೆಯಲ್ಲಿ ಇಂಥದೇ ನಿಯಮ ಮಾಡಿತು. ನಮ್ಮ ಹಳ್ಳಿಗಳಲ್ಲಿ ಈ ಕೆಲಸ ಹೆಳವರದು. ಸುಗ್ಗಿ ಮುಗಿದ ಮೇಲೆ ಬಂದು, ಅಂಗಳದಲ್ಲಿ ನಿಂತು ಗಂಟೆ ಬಾರಿಸಿ, ನಮ್ಮ ಮನೆತನದ ಹೆಸರುಗಳನ್ನು ನಮಗೇ ಓದಿ ಹೇಳಿ, ಜೋಳವೋ ಕರುವೋ ಇಸಕೊಂಡು ಹೋಗುತ್ತಾರೆ. ಅವರ ಹೊತ್ತಿಗೆಯಲ್ಲಿ ಮೂಲ ಊರು ಯಾವುದು, ಯಾಕೆ ಬಿಟ್ಟರು, ಬಾವಿ ಯಾರು ತೋಡಿಸಿದರು ಎಲ್ಲ ಇರುತ್ತದೆ. ಇತಿಹಾಸದ ಎಂ.ಎ. ಮಾಡಿದವರಲ್ಲಿ ಹೆಳವರನ್ನು ಕೂಡಿಸಿಕೊಂಡು ಬರೆದುಕೊಂಡವರು ಎಷ್ಟು ಜನ ಇದ್ದಾರು?

ಇನ್ನೊಂದು ದಾರಿ ಕಂದಾಯ ದಫ್ತರ. ನಮ್ಮಪ್ಪ ನಿಜಾಮನ ಕಾಲದಲ್ಲಿ ಪಟವಾರಿಯೊಬ್ಬರ ಕೈಕೆಳಗೆ ಲೆಕ್ಕ ಬರೆದವರು. ಮನೆಯ ಅಟ್ಟದ ಮೇಲೆ ಕೆಂಪು ಅರಿವೆಯ ಬಸ್ತಾ ಇತ್ತು. ಬಿಚ್ಚಿದರೆ ಹೊಗೆಸೊಪ್ಪಿನ ವಾಸನೆ; ಹುಳ ಬೀಳಬಾರದು ಅಂತ ಎಲೆ ಇಟ್ಟಿರುತ್ತಿದ್ದರು. ಬರವಣಿಗೆ ಉರ್ದು, ಅದೂ ಮುರಿದು ಬರೆದ ಶಿಕಸ್ತ, ನುಕ್ತೆಗಳೇ ಇಲ್ಲ. ಮೊತ್ತ ಬರೆಯಲಿಕ್ಕೆ ಅಂಕಿ ಇಲ್ಲ, ಅಕ್ಷರದ ಬಾಲದಂತೆ ಕಾಣುವ ರಕಮು. ತಾರೀಖು ಫಸಲಿಯಲ್ಲಿ: ತಿಂಗಳು ಆಜುರ್, ದೈ, ಬಹಮನ್, ಇಸವಿಗೆ 590 ಕೂಡಿಸಿದರೆ ನಮ್ಮ ಇಸವಿ. ಅಪ್ಪ ಒಂದು ಸಾಲನ್ನು ಬೆರಳಿಟ್ಟು ಓದುತ್ತಾ ಮಾಲಿ ಪಾಟೀಲ, ಪೊಲೀಸ್ ಪಾಟೀಲ, ಇನಾಮು, ಪಟ್ಟಾ ಅಂತ ಬಿಡಿಸಿ ಹೇಳುತ್ತಿದ್ದರು. ನಾನು ಉರ್ದು ಕಲಿಯಲಿಲ್ಲ. 1956ರ ನಂತರ ಹುಟ್ಟಿದ ನಮಗೆ ಕನ್ನಡ, ಇಂಗ್ಲಿಷು, ಹಿಂದಿ ಸಾಕು ಅನಿಸಿತ್ತು. ದೇವಸ್ಥಾನ, ಮಸೀದಿ, ಮಠ, ಚರ್ಚು ಯಾವುದೇ ಇರಲಿ, ನಾಲ್ಕೈದು ತಲೆಮಾರಿನ ನೆಲದ ಕಥೆ ಇರುವುದು ಇಂಥ ಕಾಗದದಲ್ಲೇ: ಸೇತ್ವಾರಿನಲ್ಲಿ, 1954-55ರ ಖಾಸ್ರಾ ಪಹಣಿಯಲ್ಲಿ. ಯಾವ ಸರ್ವೆ ನಂಬರು ಯಾರ ಹೆಸರಲ್ಲಿತ್ತು, ಯಾರು ಉಳುತ್ತಿದ್ದರು ಅನ್ನೋದು ಅಲ್ಲಿದೆ.

ಸಿಂಧನೂರು ಕಡೆಯ ಕ್ಯಾಂಪುಗಳಲ್ಲಿ ಈಗ ಹೊಸ ಚರ್ಚುಗಳಿವೆ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಆಂಧ್ರದಿಂದ ಭತ್ತ ಬೆಳೆಯುವವರು ಬಂದರು, ಅವರ ಹಿಂದೆ ನಾಟಿ ಮಾಡುವ ಕೂಲಿಯವರು ಬಂದರು. ತಗಡಿನ ಸೂರಿನ ಕೆಳಗೆ ತೆಲುಗಿನಲ್ಲಿ ಹಾಡು. ಪಕ್ಕದ ಆರ್.ಎಚ್. ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರ ದುರ್ಗಾಪೂಜೆ. ಕ್ಯಾಂಪಿನ ಹುಡುಗರು ನನ್ನ ಕ್ಲಾಸಿನಲ್ಲಿ ಇದ್ದರು. ನಮ್ಮೂರಿಗೆ ಚರಿತ್ರೆ ಇಲ್ಲ ಸರ್ ಅನ್ನುತ್ತಿದ್ದರು. ನಿಮ್ಮ ಅಜ್ಜ ಇನ್ನೂ ಇದ್ದಾನೆ, ಕೇಳಿ ಬರಕೊಂಡು ಬಾ ಅಂತ ಕಳಿಸುತ್ತಿದ್ದೆ. ಬರೆದು ತಂದವರೂ ಇದ್ದಾರೆ. ಆ ನೋಟ್‌ಬುಕ್ಕುಗಳನ್ನು ಇಟ್ಟುಕೊಂಡಿದ್ದೇನೆ.

ಮುದಗಲ್ಲಿನ ಅಜ್ಜಿಯ ಅಜ್ಜನನ್ನು ಈಗ ಕೇಳಲಾಗದು. ಹಾಗಾಗಿ ತಾಲೂಕು ಕಚೇರಿಯಿಂದ ಹಳೆಯ ಪಹಣಿಯ ನಕಲು ತೆಗೆಸುವ ಕೆಲಸಕ್ಕೆ ಇಳಿದಿದ್ದೇನೆ. ನಕಲು ಸಿಗುತ್ತದೆ, ಅರ್ಜಿ ಕೊಟ್ಟು ಕಾಯಬೇಕು. ಓದುವವರು ಸಿಗುವುದು ಕಷ್ಟ. ನಮ್ಮ ಊರಲ್ಲಿ ಜಮೀನಿನ ಖಟ್ಲೆಯವರಿಗೆ ಉರ್ದು ಕಾಗದ ಓದಿ ಕನ್ನಡದಲ್ಲಿ ಬರೆದುಕೊಡುವ ಹಿರಿಯರೊಬ್ಬರಿದ್ದಾರೆ, ಕೋರ್ಟಿನ ಎದುರಿನ ಚಹಾದಂಗಡಿಯಲ್ಲಿ ಕೂರುತ್ತಾರೆ. "ನಿಮ್ಮದು ಯಾವ ಕೇಸು ಮಾಸ್ತರ್?" ಅಂದರು. ಕೇಸೇನಿಲ್ಲ ಚಾಚಾ, ಸುಮ್ಮನೆ ತಿಳಕೊಳ್ಳಲಿಕ್ಕೆ ಅಂದೆ. ಅವರು ಕನ್ನಡಕ ತೆಗೆದು ಒರೆಸಿ, ಕೇಸಿನವರಿಗೆ ಪುಟಕ್ಕೆ ಇಷ್ಟು, ಸುಮ್ಮನೆ ತಿಳಕೊಳ್ಳುವವರಿಗೆ ಅದರ ಅರ್ಧ ಅಂತ ರೇಟು ಹೇಳಿದ್ದಾರೆ.